ಬಾರ್ಬಡೋಸ್‌ನಲ್ಲಿ ಬೆಳ್ಳಿ ದೀಪ ವಾರಕ್ಕೇ ಕಪ್ಪಾಗುತ್ತಿದೆ, ಏನು ಮಾಡಲಿ?

ದ್ವೀಪದ ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಮಂಡ್ಯ ಕಡೆಯವರು. ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪಕ್ಕೆ ಬಂದು ಮೂರು ವರ್ಷ ಆಯಿತು. ಯಜಮಾನರು ಇಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಬಾಡಿಗೆ ಕಡಿಮೆ ಅಂತ ಪೂರ್ವದ ಕಡೆ, ಸೇಂಟ್ ಫಿಲಿಪ್‌ನಲ್ಲಿ ಮನೆ ಹಿಡಿದೆವು. ಅಡುಗೆಮನೆ ಕಿಟಕಿ ತೆಗೆದರೆ ಸಮುದ್ರ. ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅತ್ತೆ "ಸ್ವರ್ಗದಲ್ಲಿದ್ದೀಯ ಬಿಡಮ್ಮ" ಅಂತಾರೆ. ಪುಣ್ಯಕ್ಕೆ ಫೋನಿನಲ್ಲಿ ವಾಸನೆ ಹೋಗಲ್ಲ.

ಇಲ್ಲಿ ಸರ್ಗಾಸಂ ಅಂತ ಒಂದು ಕಡಲಕಳೆ ಬರುತ್ತದೆ. ಬೇರಿಲ್ಲ, ನೀರಿನ ಮೇಲೇ ತೇಲಿಕೊಂಡು ಬೆಳೆಯುತ್ತದೆ. ಕೈಯಲ್ಲಿ ಹಿಡಿದರೆ ಚೆನ್ನಾಗೇ ಇದೆ, ಜೇನಿನ ಬಣ್ಣ. ಎಲೆಗಳ ಮಧ್ಯೆ ಮೆಣಸಿನ ಕಾಳಿನಂಥ ಗುಳ್ಳೆಗಳು, ಹಿಸುಕಿದರೆ ಪಟ್ ಅನ್ನುತ್ತವೆ. ಒಳಗೆ ಉಗುರಿನಷ್ಟು ಏಡಿಮರಿ ಓಡಾಡುತ್ತಿರುತ್ತದೆ. ಮೊದಲ ವರ್ಷ ಮಗಳಿಗೆ ಅದೇ ಆಟ. ಆದರೆ ದಡಕ್ಕೆ ಬಂದು ಮೊಣಕಾಲೆತ್ತರ ರಾಶಿ ಬಿದ್ದು ಕೊಳೆಯೋಕೆ ಶುರುವಾದರೆ ಮುಗೀತು. ಕೊಳೆತ ಮೊಟ್ಟೆ ವಾಸನೆ. ಗಾಳಿ ಇಲ್ಲಿ ವರ್ಷವಿಡೀ ಪೂರ್ವದಿಂದಲೇ ಬೀಸುತ್ತದೆ, ಅಂದರೆ ನೇರ ನಮ್ಮ ಅಡುಗೆಮನೆಗೆ.

ಈಗ ವಿಷಯಕ್ಕೆ ಬರುತ್ತೇನೆ. ಅಮ್ಮ ಮದುವೆಯಲ್ಲಿ ಕೊಟ್ಟ ಬೆಳ್ಳಿ ದೀಪದ ಜೋಡಿ ಇದೆ. ಊರಲ್ಲಿ ಹಬ್ಬಕ್ಕೊಮ್ಮೆ ವಿಭೂತಿ ಹಾಕಿ ಉಜ್ಜಿದರೆ ಸಾಕಾಗುತ್ತಿತ್ತು. ಇಲ್ಲಿ ಶುಕ್ರವಾರ ಉಜ್ಜಿಟ್ಟರೆ ಮುಂದಿನ ಶುಕ್ರವಾರಕ್ಕೆ ಕಾವಲಿ ಬಣ್ಣ. ಎ.ಸಿ.ಯ ತಾಮ್ರದ ಕಾಯಿಲ್ ಎರಡು ಸಲ ತೂತು ಬಿತ್ತು. ಮನೆ ಮಾಲೀಕರು ಅದು ಉಪ್ಪು ಗಾಳಿ, ದ್ವೀಪ ಅಂದಮೇಲೆ ಇದ್ದದ್ದೇ ಅಂತ ಎರಡೂ ಸಲ ನಮ್ಮಿಂದಲೇ ದುಡ್ಡು ಕೊಡಿಸಿದರು.

ಕೇಳಬೇಕಾಗಿದ್ದು ಇಷ್ಟು. ದೀಪಕ್ಕೆ ಏನು ಮಾಡಲಿ? ಮಗಳಿಗೆ ಆರು ವರ್ಷ, ಸ್ವಲ್ಪ ಉಬ್ಬಸ (ವೀಜಿಂಗ್) ಇದೆ, ಈ ಗಾಳಿ ಅವಳಿಗೆ ಕೆಟ್ಟದ್ದಾ? ಮತ್ತೆ, ಊರಿಂದ ಬೀಜ ತಂದು ಬೆಳೆಸಿದ ಕರಿಬೇವಿದೆ, ಈ ಕಳೆಯನ್ನು ಅದಕ್ಕೆ ಗೊಬ್ಬರ ಮಾಡಿ ಹಾಕಬಹುದಾ? ಬಿಟ್ಟಿ ಸಿಗುತ್ತೆ ಅಂತ ಆಸೆ ಅಷ್ಟೆ.

ಕೆಮಿಸ್ಟ್ರಿ ಮೇಷ್ಟ್ರು, ಮೈಸೂರು:

ಅಮ್ಮಾ, ಮೊದಲು ಉಜ್ಜುವುದನ್ನು ನಿಲ್ಲಿಸಿ. ಆ ಕಪ್ಪು ಕೊಳೆಯಲ್ಲ. ಕಳೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಅನ್ನುವ ಗಂಧಕದ ಅನಿಲ ಬರುತ್ತದೆ, ಅದು ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಆ ಕಪ್ಪಿನೊಳಗೆ ಇರುವುದೂ ನಿಮ್ಮ ಅಮ್ಮ ಕೊಟ್ಟ ಬೆಳ್ಳಿಯೇ. ವಾರವಾರ ಉಜ್ಜಿದರೆ ದೀಪ ಸವೆಯುತ್ತದೆ.

ಪಾತ್ರೆಯೊಳಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ. ದೀಪ ಫಾಯಿಲ್‌ಗೆ ತಾಗುವ ಹಾಗೆ ಇಡಿ. ಎರಡು ಚಮಚ ಅಡುಗೆ ಸೋಡಾ, ಮೇಲೆ ಕುದಿಯುವ ನೀರು. ಐದು ನಿಮಿಷ ಬಿಡಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ, ಬೆಳ್ಳಿ ದೀಪದಲ್ಲೇ ಉಳಿಯುತ್ತದೆ. ಕೆತ್ತನೆಯ ಸಂದಿಯಲ್ಲಿ ಬೇಕಂತಲೇ ಕಪ್ಪು ಬಿಟ್ಟಿದ್ದರೆ ಅದೂ ಹೋಗುತ್ತದೆ, ನೋಡಿಕೊಳ್ಳಿ. ಆಮೇಲೆ ಒರೆಸಿ, ಜಿಪ್ ಕವರಿನಲ್ಲಿ ಒಂದು ತುಂಡು ಸೀಮೆಸುಣ್ಣದ ಜೊತೆ ಇಡಿ.

ತಾಮ್ರಕ್ಕೂ ಇದೇ ಅನಿಲ ಹತ್ತುತ್ತದೆ. ಉಪ್ಪು ಗಾಳಿಯ ಪಾಲೂ ಇರಬಹುದು, ಆದರೆ ಬೆಳ್ಳಿ ವಾರಕ್ಕೆ ಕಪ್ಪಾಗುವುದಕ್ಕೆ ಉಪ್ಪು ಸಾಲದು. ಮಾಲೀಕರಿಗೆ ಆ ದೀಪವನ್ನೇ ತೋರಿಸಿ.

ಆಂಟಿಗುವಾ ಡಾಕ್ಟರ್:

ನಾನೂ ಈ ಕಡೆಯವನೇ, ನಮ್ಮ ಪೂರ್ವ ದಡದ ಕಥೆಯೂ ಇದೇ. ವಾಸನೆ ಬರೀ ಕಿರಿಕಿರಿ ಅಂತ ಬಿಡಬೇಡಿ ಅಕ್ಕ. 2018ರಲ್ಲಿ ಗ್ವಾಡಲೂಪ್, ಮಾರ್ಟಿನಿಕ್ ಎರಡೇ ದ್ವೀಪಗಳಲ್ಲಿ, ಎಂಟು ತಿಂಗಳಲ್ಲಿ 11,000ಕ್ಕೂ ಹೆಚ್ಚು ಜನ ಇದೇ ತೊಂದರೆಯಿಂದ ಡಾಕ್ಟರ ಹತ್ತಿರ ಹೋದರು. ತಲೆನೋವು, ಕಣ್ಣುರಿ, ವಾಕರಿಕೆ, ಉಬ್ಬಸ.

ಹೊಸದಾಗಿ ಬಂದ ಕಳೆ ವಾಸನೆ ಹೊಡೆಯಲ್ಲ. ಸುಮಾರು ಎರಡು ದಿನ ಆದಮೇಲೆ ಕೊಳೆತು ಅನಿಲ ಬಿಡುತ್ತದೆ. ದಡದಲ್ಲಿ ಹಳೇ ರಾಶಿ ಇರುವಾಗ ಮಗುವನ್ನು ಅಲ್ಲಿಗೆ ಬಿಡಲೇಬೇಡಿ. ಪೂರ್ವದ ಕಿಟಕಿ ಮುಚ್ಚಿ, ಪಶ್ಚಿಮದ್ದು ತೆಗೆಯಿರಿ. ಅವಳ ಹಾಸಿಗೆಯನ್ನೂ ಆ ಕಡೆಯ ಕೋಣೆಗೆ ಹಾಕಿ. ಇನ್ಹೇಲರ್ ಹೆಚ್ಚು ಬೇಕಾಗುತ್ತಿದ್ದರೆ ಅವಳ ಡಾಕ್ಟರಿಗೆ ತೋರಿಸಿ, ಆ ವಾರ ಒಳನಾಡಿನಲ್ಲಿ ಯಾರ ಮನೆಗಾದರೂ ಹೋಗಿ. ಇನ್ನೊಂದು ಮಾತು, ಈ ಅನಿಲ ತುಂಬಾ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗಲ್ಲ. ವಾಸನೆ ನಿಂತಿತು ಅಂತ ರಾಶಿಯ ಹತ್ತಿರ ಹೋಗಿ ನಿಲ್ಲಬೇಡಿ.

ಕರಿಬೇವಿಗೆ ಬೇಡ. ಈ ಕಳೆ ಆರ್ಸೆನಿಕ್ ಅನ್ನುವ ವಿಷ ಹೀರಿಕೊಂಡಿರುತ್ತದೆ, ಉಪ್ಪು ಬೇರೆ. ಹೂವಿನ ಗಿಡಕ್ಕೆ ಚೆನ್ನಾಗಿ ತೊಳೆದು ಹಾಕುವವರಿದ್ದಾರೆ. ಒಗ್ಗರಣೆಗೆ ಬೀಳುವ ಎಲೆಗೆ ಯಾಕೆ ಆ ಉಸಾಬರಿ?

ಕುಂದಾಪ್ರದವ:

ನಮ್ಮಲ್ಲಿ ತೆಂಗಿನ ಬುಡಕ್ಕೆ ಮೀನು ಗೊಬ್ಬರ ಹಾಕ್ತೇವೆ, ವಾಸನೆಗೆ ಹೆದರುವವರಲ್ಲ ನಾವು. ಆದರೆ ಈ ಆರ್ಸೆನಿಕ್ ಎಂತದ್ದು ಮಾರಾಯ್ರೆ, ಹೆದರಿಕೆ ಆಯ್ತು. ಅಷ್ಟೊಂದು ಕಳೆ ಬರುವುದಾದರೂ ಎಲ್ಲಿಂದ? ಬಲೆ ಹಾಕಿ ಸಮುದ್ರದಲ್ಲೇ ತಡೆಯಲಿಕ್ಕೆ ಆಗುವುದಿಲ್ಲವಾ?

ದ್ವೀಪದ ಸೊಸೆ:

ಮೇಷ್ಟ್ರೇ, ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ಹಾಸಿಗೆ ನಿನ್ನೆಯೇ ಬದಲಾಯಿಸಿದೆ.

ಕುಂದಾಪುರದ ಅಣ್ಣ, 2011ಕ್ಕೆ ಮುಂಚೆ ಇಷ್ಟು ಬರುತ್ತಲೇ ಇರಲಿಲ್ಲವಂತೆ. ಆಫ್ರಿಕಾದ ಪಶ್ಚಿಮ ದಡದಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಇದರದೊಂದು ಪಟ್ಟಿಯೇ ಇದೆ. 2018ರ ಜೂನ್‌ನಲ್ಲಿ ಅಳೆದಾಗ 8,850 ಕಿಲೋಮೀಟರ್ ಉದ್ದ, 2 ಕೋಟಿ ಟನ್‌ಗೂ ಜಾಸ್ತಿ. ಆ ತಿಂಗಳು ಇಲ್ಲಿ ರಾಷ್ಟ್ರೀಯ ತುರ್ತುಸ್ಥಿತಿ ಅಂತಲೇ ಘೋಷಿಸಿದ್ದರು. 2025ರ ಮೇನಲ್ಲಿ 3.75 ಕೋಟಿ ಟನ್. ಅಷ್ಟಕ್ಕೆ ಬಲೆ ಎಲ್ಲಿ ಹಾಕ್ತೀರಿ? ತೇಲುವ ತಡೆಗೋಡೆ ಕೆಲವು ಕಡೆ ಕಟ್ಟುತ್ತಾರೆ, ಆದರೆ ಪೂರ್ವದ ಅಲೆ ಜೋರು. ಜೆ.ಸಿ.ಬಿ. ತಂದರೆ ಕಳೆಯ ಜೊತೆ ಮರಳೂ ಹೋಗುತ್ತದೆ. ಕಡಲಾಮೆ ಮೊಟ್ಟೆ ಇಡುವ ತಿಂಗಳೂ ಇದೇ, ಅದರ ಗೂಡು ಬೇರೆ ಚಕ್ರದಡಿ ಸಿಗುತ್ತದೆ. ಪಶ್ಚಿಮ ದಡಕ್ಕೆ ಅಷ್ಟಾಗಿ ಬರಲ್ಲ. ದೊಡ್ಡ ಹೋಟೆಲ್‌ಗಳೆಲ್ಲ ಜಾಸ್ತಿ ಆ ಕಡೆ, ಬಾಡಿಗೆ ಕೇಳಿದರೆ ನಮ್ಮಂಥವರು ವಾಪಸ್ ಬಸ್ ಹತ್ತಬೇಕು.

ನನ್ನ ದೀಪದ ಗೋಳು ಬಿಡಿ. ಪಕ್ಕದ ಮನೆಯ ಅಜ್ಜ ಮೀನು ಹಿಡಿಯುವವರು. ಇಲ್ಲಿ ಹಾರುವ ಮೀನು ಅಂದರೆ ಒಂದು ಡಾಲರ್ ನಾಣ್ಯದ ಮೇಲೇ ಅದರ ಚಿತ್ರ. ಅದರ ಜೊತೆ ಕೂಕೂ ತಿನ್ನುತ್ತಾರೆ, ಮುಸುಕಿನ ಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ಕೋಲಿನಲ್ಲಿ ತಿರುವಿದ ಮುದ್ದೆ. ಆ ಕೋಲು ನೋಡಿ ನನಗೆ ನಮ್ಮೂರಿನ ಮುದ್ದೆಕೋಲೇ ನೆನಪಾಯಿತು. ಕಳೆ ಬಂದ ಮೇಲೆ ಆ ಮೀನು ಸಿಗುವುದು ಕಡಿಮೆಯಾಗಿದೆ, ಬಲೆಗೆ ಕಳೆಯೇ ಬರುತ್ತದೆ, ಎಂಜಿನ್‌ಗೂ ಸುತ್ತಿಕೊಳ್ಳುತ್ತದೆ. ಅದರ ಮೇಲೆ 2024ರ ಜುಲೈ 1ಕ್ಕೆ ಬೆರಿಲ್ ಚಂಡಮಾರುತದ ಅಲೆ ಅವರ ದೋಣಿಯನ್ನು ಬ್ರಿಡ್ಜ್‌ಟೌನ್ ಬಂದರಿನಲ್ಲೇ ಒಡೆದುಹಾಕಿತು. ಈಗ ಬೇರೆಯವರ ದೋಣಿಯಲ್ಲಿ ಹೋಗುತ್ತಾರೆ. ಮೊನ್ನೆ ಎ.ಸಿ. ಬಗ್ಗೆ ಅವರ ಹತ್ತಿರ ಗೊಣಗಿದೆ. ಸುಮ್ನೆ ನಕ್ಕರು. ಅವರ ಮನೆಯಲ್ಲಿ ಎ.ಸಿ. ಇಲ್ಲ.

ಒಂದು ಖುಷಿ ವಿಷಯ ಅಂದರೆ ಇಲ್ಲಿನ ವೆಸ್ಟ್ ಇಂಡೀಸ್ ಯೂನಿವರ್ಸಿಟಿಯ ಕೇವ್ ಹಿಲ್ ಕ್ಯಾಂಪಸ್‌ನವರು ಈ ಕಳೆ, ರಮ್ ಕಾರ್ಖಾನೆಯ ಕೊಳೆ ನೀರು, ಇಲ್ಲಿನ ಬ್ಲ್ಯಾಕ್‌ಬೆಲ್ಲಿ ಕುರಿಯ ಗೊಬ್ಬರ ಸೇರಿಸಿ ಗ್ಯಾಸ್ ಮಾಡಿ ಕಾರು ಓಡಿಸಿದ್ದಾರೆ. ನಮ್ಮ ಗೋಬರ್ ಗ್ಯಾಸ್ ಥರಾನೇ.

ದ್ವೀಪದ ಸೊಸೆ (ಮೂರು ವಾರದ ನಂತರ):

ಫಾಯಿಲ್ ಕೆಲಸ ಮಾಡಿತು ಮೇಷ್ಟ್ರೇ! ನೀರು ಹಾಕಿದ ತಕ್ಷಣ ಅದೇ ಕೊಳೆತ ಮೊಟ್ಟೆ ವಾಸನೆ ಬಂತು, ಮಗಳು "ಅಮ್ಮಾ, ಸಮುದ್ರ ದೀಪದೊಳಗೆ ಹೋಗಿತ್ತಾ?" ಅಂದಳು. ಮಾಲೀಕರಿಗೆ ಬೆಳಗಿದ್ದೊಂದು, ಕಪ್ಪಾದದ್ದೊಂದು ಪಕ್ಕಪಕ್ಕ ಇಟ್ಟು ತೋರಿಸಿದೆ. ಮುಂದಿನ ರಿಪೇರಿಯಲ್ಲಿ ಅರ್ಧ ಕೊಡುತ್ತಾರಂತೆ. ಬಾಯಿಮಾತು, ನೋಡೋಣ.

ಬೆಳ್ಳಿ ಈಗ ಕವರಿನಲ್ಲಿದೆ. ಚಾಕಿ ಮೌಂಟ್ ಅಂತ ಒಂದು ಊರಿದೆ, ಹಳೇ ಕಾಲದಿಂದ ಕುಂಬಾರರು ಇರುವ ಜಾಗ. ಅಲ್ಲಿಂದ ಎರಡು ಪುಟ್ಟ ಮಣ್ಣಿನ ಬಟ್ಟಲು ತಂದು ಹಣತೆ ಮಾಡಿಕೊಂಡಿದ್ದೇನೆ. ಕಪ್ಪಾಗುವ ಚಿಂತೆ ಇಲ್ಲ. ಆದರೆ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತಿದೆ, ಅರ್ಧ ಗಂಟೆಗೆ ಆರಿಹೋಗುತ್ತದೆ. ಏನು ಮಾಡೋದು?

ಕುಂದಾಪ್ರದವ:

ಹೊಸ ಹಣತೆ ಅಲ್ವಾ ಅಕ್ಕ. ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಿ, ಬೆಳಿಗ್ಗೆ ಒಣಗಿಸಿ ಹಚ್ಚಿ. ಸಮುದ್ರದ ನೀರಲ್ಲಲ್ಲ ಮತ್ತೆ.