ಕರು ಹಾಕಿದ ದನಕ್ಕೆ ಬೈಪಾಸ್ ಫ್ಯಾಟ್: ಯಾವಾಗ, ಎಷ್ಟು?

ಪ್ರಶ್ನೆ (ಕಾರ್ಕಳ)
ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ದನ, ಮೂರನೇ ಕರು, ಹಾಕಿ ಇವತ್ತಿಗೆ 9 ದಿನ. ಹಾಲು 14 ಲೀಟರ್, ಏರುತ್ತಾ ಉಂಟು. ಮೈ ಇಳಿಯುತ್ತಾ ಉಂಟು. ಪಶು ಆಹಾರ 5 ಕಿಲೊ, ಗಾಣದ ತೆಂಗಿನ ಹಿಂಡಿ 2 ಕಿಲೊ, ನೇಪಿಯರ್, ಬೈಹುಲ್ಲು, ಸಂಜೆ ಗಂಜಿ. ಬೈಪಾಸ್ ಫ್ಯಾಟ್ (ಮೆಲುಕು ಹೊಟ್ಟೆಯಲ್ಲಿ ಬಿಚ್ಚಿಕೊಳ್ಳದೆ ಮುಂದೆ ಹೋಗುವ ಕೊಬ್ಬಿನ ಪುಡಿ) 200 ಗ್ರಾಂ ಒಮ್ಮೆಲೇ ಶುರು ಮಾಡಬಹುದಾ? ಬದಲಿಗೆ ತೆಂಗಿನೆಣ್ಣೆ ಕುಡಿಸಿದರೆ ಸಾಲದಾ?

ಉತ್ತರ 1
ಎಣ್ಣೆ ಬೇಡವೇ ಬೇಡ ಮಾರಾಯ್ರೆ. ಬಿಡಿ ಎಣ್ಣೆ ಮೆಲುಕು ಹೊಟ್ಟೆಯಲ್ಲಿ ನಾರಿಗೆ ಮೆತ್ತಿಕೊಳ್ಳುತ್ತದೆ, ನಾರು ಕರಗಿಸುವ ಸೂಕ್ಷ್ಮಾಣುಗಳನ್ನೂ ಕೆಡಿಸುತ್ತದೆ. ದನ ಹುಲ್ಲು ಬಿಡುತ್ತದೆ, ಡೈರಿಯಲ್ಲಿ ಹಾಲಿನ ಫ್ಯಾಟ್ ಇಳಿಯುತ್ತದೆ. ಗಾಣದ ಹಿಂಡಿಯಲ್ಲೇ ನೂರಕ್ಕೆ 8–10 ಪಾಲು ಎಣ್ಣೆ ಉಳಿದಿರುತ್ತದೆ. ಅಂದರೆ ಈಗಲೇ 160–200 ಗ್ರಾಂ ಹೋಗ್ತಾ ಉಂಟು. ಹಿಂಡಿ 1 ಕಿಲೊಗೆ ಇಳಿಸಿ, ಆ ಜಾಗಕ್ಕೆ ಪಶು ಆಹಾರ ನಿಧಾನ ಏರಿಸಿ.

ಬೈಪಾಸ್ ಪುಡಿಯಲ್ಲಿ ಕೊಬ್ಬನ್ನು ಕ್ಯಾಲ್ಸಿಯಂ ಜೊತೆ ಕಟ್ಟಿರುತ್ತಾರೆ. ಅದು ಬಿಚ್ಚಿಕೊಳ್ಳುವುದು ನಾಲ್ಕನೇ ಹೊಟ್ಟೆಯ ಹುಳಿಯಲ್ಲಿ. ಆದರೂ 200 ಒಮ್ಮೆಲೇ ಬೇಡ. ಮೊದಲ ಎರಡು ವಾರ ದನ ಹೊಟ್ಟೆ ತುಂಬ ತಿನ್ನುವುದೇ ದೊಡ್ಡದು, ಕೊಬ್ಬು ಹೆಚ್ಚಾದರೆ ಮೇವು ಕಡಿಮೆಯಾಗುತ್ತದೆ. 15ನೇ ದಿನದಿಂದ 50 ಗ್ರಾಂ, ನಾಲ್ಕು ದಿನಕ್ಕೊಮ್ಮೆ 50 ಏರಿಸಿ 150ಕ್ಕೆ ನಿಲ್ಲಿಸಿ. ಲೀಟರಿಗೆ 10 ಗ್ರಾಂ ಲೆಕ್ಕ ಹಿಡಿದರೆ ಸರಿಯಾಗುತ್ತದೆ. ಸಾಬೂನಿನ ವಾಸನೆ ಇರುವುದರಿಂದ ಒದ್ದೆ ಪಶು ಆಹಾರದಲ್ಲಿ ಕಲಸಿ, ಎರಡು ಹೊತ್ತಿಗೆ ಹಂಚಿ.

ಉತ್ತರ 2
ಗಂಜಿ ಎಷ್ಟು ಅಕ್ಕಿಯದ್ದು?

ಪ್ರಶ್ನೆ ಕೇಳಿದವರು
ಒಂದೂವರೆ ಕಿಲೊ ಕುಚ್ಚಲಕ್ಕಿ. ಉಳಿದದ್ದು ಮರುದಿನ ಅಕ್ಕಚ್ಚಿನ ಜೊತೆ.

ಉತ್ತರ 2
ಎಡವಟ್ಟು ಅಲ್ಲೇ. ಬೆಂದ ಅನ್ನ ಬೇಗ ಹುಳಿಯಾಗುತ್ತದೆ, ಮೆಲುಕು ಹೊಟ್ಟೆಯೂ ಹುಳಿಯಾಗುತ್ತದೆ. ಆಗ ಬೈಪಾಸ್ ಪುಡಿ ಅಲ್ಲೇ ಬಿಚ್ಚಿಕೊಂಡು ಬಿಡಿ ಎಣ್ಣೆಯ ಹಾಗೇ ಕೆಡುಕು ಮಾಡುತ್ತದೆ, ದುಡ್ಡು ದಂಡ. ಅರ್ಧ ಕಿಲೊ ಅಕ್ಕಿಗೆ ಇಳಿಸಿ, ಹಳಸಿದ ಅಕ್ಕಚ್ಚಿಗೆ ಪುಡಿ ಕಲಸಲೇಬೇಡಿ. ಸೆಗಣಿ ನೋಡಿ: ತೆಳ್ಳಗೆ, ಹುಲ್ಲಿನ ಉದ್ದ ಎಳೆ ಹಾಗೇ ಬಿದ್ದಿದ್ದರೆ ಹೊಟ್ಟೆ ಇನ್ನೂ ಸರಿಯಿಲ್ಲ, ಪುಡಿ ಮುಂದೂಡಿ.

ಉತ್ತರ 3
ಮೈ ಇಳಿಯುವ ದನ ಪಶು ಆಹಾರ ಬಿಟ್ಟು ಬರೀ ಬೈಹುಲ್ಲು ಜಗಿಯುತ್ತಾ, ಉಸಿರಿಗೆ ಸಿಹಿ ವಾಸನೆ ಬಂದರೆ ಅದು ಕೀಟೋಸಿಸ್ (ಮೈಕೊಬ್ಬು ವಿಪರೀತ ಕರಗಿ ರಕ್ತದಲ್ಲಿ ಕೀಟೋನ್ ಏರುವ ಕಾಯಿಲೆ). ಅದಕ್ಕೆ ಕೊಬ್ಬು ಮದ್ದಲ್ಲ, ಬೇಕಾದದ್ದು ಗ್ಲೂಕೋಸ್, ಡಾಕ್ಟ್ರನ್ನು ಕರೆಸಿ. ಇನ್ನೊಂದು, ಪುಡಿಯಲ್ಲಿ ಕ್ಯಾಲ್ಸಿಯಂ ಉಂಟು ಅಂತ ಖನಿಜ ಮಿಶ್ರಣ ನಿಲ್ಲಿಸಬೇಡಿ. ಬೈಪಾಸ್ ಪುಡಿಯಲ್ಲಿ ರಂಜಕ ಇಲ್ಲ.