ಗ್ರಾಜುಯೇಟ್ ವೀಸಾದಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ: ಮೈಸೂರು–ಮಂಡ್ಯ ಪೋಷಕರ ಬಳಗದ ಪ್ರಶ್ನೋತ್ತರ

ಪ್ರಶ್ನೆ (ಪಾಂಡವಪುರ ಕಡೆಯ ತಂದೆಯೊಬ್ಬರಿಂದ): ನನ್ನ ಮಗಳು ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಬ್ರಿಟನ್ನಿನ ಲೀಡ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಈಗ ಓದು ಮುಗಿಸಿದವರಿಗೆ ಕೊಡುವ ಎರಡು ವರ್ಷದ ಗ್ರಾಜುಯೇಟ್ ವೀಸಾದಲ್ಲಿ ಅಲ್ಲಿಯೇ ಒಂದು ವಿನ್ಯಾಸ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ವೀಸಾ ಮುಗಿಯಲು ನಾಲ್ಕು ತಿಂಗಳಿದೆ. ವರ್ಷಕ್ಕೆ 36,000 ಪೌಂಡ್ ಸಂಬಳ ಕೊಟ್ಟು, ತಾವೇ ಸ್ಪಾನ್ಸರ್ ಮಾಡಿ ಉಳಿಸಿಕೊಳ್ಳಲು ಸಂಸ್ಥೆಯವರು ಒಪ್ಪಿದ್ದಾರೆ. ಆದರೆ ವಿದೇಶಿ ನೌಕರರನ್ನು ಹಾಗೆ ಇಟ್ಟುಕೊಳ್ಳಲು ಬೇಕಾದ ಸ್ಪಾನ್ಸರ್ ಪರವಾನಗಿ ಅವರ ಬಳಿ ಇನ್ನೂ ಇಲ್ಲ. ಮೈಸೂರಿನಲ್ಲಿ ವಿಚಾರಿಸಿದಾಗ ಏಜೆಂಟರೊಬ್ಬರು, ಆಕೆ ಊರಿಗೆ ಬಂದೇ ಅರ್ಜಿ ಹಾಕಬೇಕು, ನನ್ನ ಖಾತೆಯಲ್ಲಿ 20 ಲಕ್ಷ ರೂಪಾಯಿ ತೋರಿಸಬೇಕು, ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಡಿಸಲು ಬೇರೆ 14 ಲಕ್ಷ ಬೇಕು ಎಂದಿದ್ದಾರೆ. ಓದಿಗೆಂದು ಮಾಡಿದ ಬ್ಯಾಂಕ್ ಸಾಲ ಇನ್ನೂ ತೀರಿಲ್ಲ. ನಾಲೆಯ ಪಕ್ಕದ ಒಂದು ಎಕರೆ ಗದ್ದೆ ಮಾರಲು ಮಾತುಕತೆ ನಡೆಸಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಉತ್ತರ (ವಲಸೆ ಕಾನೂನಿನ ವಕೀಲರು, ಸರಸ್ವತಿಪುರಂ): ಮೊದಲು ಗದ್ದೆಯ ಮಾತುಕತೆಯನ್ನು ನಿಲ್ಲಿಸಿ. ಏಜೆಂಟರು ಹೇಳಿದ ಮೂರು ಮಾತುಗಳಲ್ಲಿ ಒಂದೂ ನಿಮ್ಮ ಮಗಳಿಗೆ ಅನ್ವಯಿಸುವುದಿಲ್ಲ.

ಗ್ರಾಜುಯೇಟ್ ವೀಸಾ ಚಾಲ್ತಿಯಲ್ಲಿರುವವರು ಬ್ರಿಟನ್ನಿನಲ್ಲಿ ಇದ್ದುಕೊಂಡೇ, ಉದ್ಯೋಗದಾತರು ಸ್ಪಾನ್ಸರ್ ಮಾಡುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದು. ಸಂದರ್ಶಕ ವೀಸಾದಲ್ಲಿ ಹೋದವರಿಗೆ ಈ ಅವಕಾಶವಿಲ್ಲ. ಬಹುಶಃ ಆ ನಿಯಮವನ್ನೇ ನಿಮಗೂ ಹೇಳಿದ್ದಾರೆ. ಖಾತೆಯಲ್ಲಿ ಹಣ ತೋರಿಸುವ ವಿಷಯ ಹೀಗಿದೆ: ಅರ್ಜಿದಾರರು 1,270 ಪೌಂಡ್ ಅನ್ನು ಸತತ 28 ದಿನ ತಮ್ಮ ಖಾತೆಯಲ್ಲಿ ಇಟ್ಟಿರಬೇಕು ಎಂಬ ನಿಯಮವೊಂದಿದೆ, ಆದರೆ ಅರ್ಜಿಯ ದಿನಕ್ಕೆ ಅಲ್ಲಿ ಸಕ್ರಮವಾಗಿ ಒಂದು ವರ್ಷ ವಾಸವಿದ್ದವರಿಗೆ ಅದೂ ಬೇಕಿಲ್ಲ. ತಂದೆಯ ಖಾತೆಯ 20 ಲಕ್ಷವನ್ನು ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಪರೀಕ್ಷೆಯನ್ನೂ ಆಕೆ ಮತ್ತೆ ಬರೆಯಬೇಕಿಲ್ಲ, ಅಲ್ಲಿನ ಪದವಿಯೇ ಸಾಕು.

ಇನ್ನು ಆ 14 ಲಕ್ಷ. ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಎಂಬುದು ಮೊಹರು ಹಾಕಿದ ಕಾಗದದ ಪ್ರಮಾಣಪತ್ರವಲ್ಲ. ಉದ್ಯೋಗದಾತರು ಬ್ರಿಟಿಷ್ ಗೃಹ ಇಲಾಖೆಯ ಆನ್‌ಲೈನ್ ವ್ಯವಸ್ಥೆಯೊಳಗೆ ಹೋಗಿ ತುಂಬುವ ದಾಖಲೆ ಅದು. ಅದಕ್ಕೊಂದು ಸಂಖ್ಯೆ ಬರುತ್ತದೆ, ಆ ಸಂಖ್ಯೆಯನ್ನು ನೌಕರರಿಗೆ ಕೊಡುತ್ತಾರೆ. ಅದಕ್ಕೆ ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕ 2025ರ ಏಪ್ರಿಲ್‌ನ ದರದಂತೆ 525 ಪೌಂಡ್, ಮತ್ತು ಅದನ್ನು ಕಟ್ಟಬೇಕಾದವರು ಉದ್ಯೋಗದಾತರು. ಸಂಸ್ಥೆ ಪಡೆಯಬೇಕಾದ ಪರವಾನಗಿಗೆ ಅದೇ ದರಪಟ್ಟಿಯಲ್ಲಿ ಸಣ್ಣ ಸಂಸ್ಥೆಗೆ 574, ದೊಡ್ಡದಕ್ಕೆ 1,579 ಪೌಂಡ್ ಇತ್ತು. ಇದಲ್ಲದೆ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಎಂಬ ಸುಂಕವಿದ್ದು, 2025ರ ಡಿಸೆಂಬರ್‌ನಲ್ಲಿ ಏರಿದ ಬಳಿಕ ಸಣ್ಣ ಸಂಸ್ಥೆಗಳಿಗೆ ವರ್ಷಕ್ಕೆ 480, ಉಳಿದವರಿಗೆ 1,320 ಪೌಂಡ್ ಆಗಿದೆ. ಈ ಸುಂಕವನ್ನು ನೌಕರರಿಂದ ವಸೂಲು ಮಾಡುವಂತಿಲ್ಲ ಎಂಬುದು ಹಳೆಯ ನಿಯಮ. 2024ರ ಡಿಸೆಂಬರ್ 31ರಿಂದೀಚೆಗೆ ಸರ್ಟಿಫಿಕೇಟಿನ ಶುಲ್ಕಕ್ಕೂ ಪರವಾನಗಿಯ ಶುಲ್ಕಕ್ಕೂ ಅದೇ ನಿರ್ಬಂಧ ಬಂದಿದೆ. ಹೀಗಿರುವಾಗ ಮೈಸೂರಿನ ಮಧ್ಯವರ್ತಿಯ ಕೈಗೆ ಹೋಗುವ 14 ಲಕ್ಷಕ್ಕೆ ಕಾನೂನಿನಲ್ಲಿ ಹೆಸರೇ ಇಲ್ಲ.

ನಿಮ್ಮ ಕುಟುಂಬ ನಿಜವಾಗಿ ಭರಿಸಬೇಕಾದದ್ದು ಎರಡು. ದೇಶದೊಳಗಿನಿಂದಲೇ ಸಲ್ಲಿಸುವ, ಮೂರು ವರ್ಷದವರೆಗಿನ ವೀಸಾ ಅರ್ಜಿಗೆ 2025ರ ಏಪ್ರಿಲ್‌ನ ದರದಲ್ಲಿ 885 ಪೌಂಡ್. ಆರೋಗ್ಯ ಸೇವೆಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್. ಈ ದರದಂತೆ ಎರಡು ವರ್ಷಕ್ಕೆ ಒಟ್ಟು 2,955 ಪೌಂಡ್, ಅಂದರೆ ಮೂರು ಲಕ್ಷ ರೂಪಾಯಿ ದಾಟುತ್ತದೆ. ಇದೂ ಸಣ್ಣ ಮೊತ್ತವಲ್ಲ. ಎಷ್ಟೋ ಸಂಸ್ಥೆಗಳು ಇದನ್ನೂ ತಾವೇ ಕಟ್ಟುತ್ತವೆ. ಮಗಳು ಸಂಕೋಚಪಡದೆ ಕೇಳಲಿ.

ಎರಡು ವರ್ಷ ಎಂದು ಲೆಕ್ಕ ಹಾಕಿದ್ದಕ್ಕೆ ಕಾರಣವಿದೆ, ಇದನ್ನು ಗಮನವಿಟ್ಟು ಓದಿ. 2025ರ ಜುಲೈ 22ರಿಂದ ಈ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳದ ಸಾಮಾನ್ಯ ಮಿತಿ 41,700 ಪೌಂಡ್. ವಿದ್ಯಾರ್ಥಿ ಅಥವಾ ಗ್ರಾಜುಯೇಟ್ ವೀಸಾದಿಂದ ಬರುವವರನ್ನು ‘ನ್ಯೂ ಎಂಟ್ರಂಟ್’ ಎಂದು ಪರಿಗಣಿಸಿ 33,400 ಪೌಂಡಿಗೆ ರಿಯಾಯಿತಿ ಕೊಡುತ್ತಾರೆ, ಜೊತೆಗೆ ಆ ಹುದ್ದೆಗೆ ಸರ್ಕಾರ ಗೊತ್ತುಮಾಡಿದ ದರದ ಶೇ. 70ರಷ್ಟಾದರೂ ಸಂಬಳ ಇರಬೇಕು. ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಮುಟ್ಟಬೇಕು. ಹುದ್ದೆಯ ದರ 50,000 ಇದ್ದರೆ ಶೇ. 70 ಎಂದರೆ 35,000. ಆಗ 33,400 ಸಾಲದು. 36,000 ಪೌಂಡ್ ಮೊದಲ ಮಿತಿಯನ್ನು ದಾಟಿದೆ. ಎರಡನೆಯದನ್ನು ಸರ್ಕಾರದ ಪಟ್ಟಿಯಲ್ಲಿ ಮಗಳ ಹುದ್ದೆಯ ಸಂಕೇತಸಂಖ್ಯೆಯ ಎದುರಿನ ದರ ನೋಡಿ ಸಂಸ್ಥೆಯವರು ಖಚಿತಪಡಿಸಬೇಕು. ಈ ರಿಯಾಯಿತಿ ಒಟ್ಟು ನಾಲ್ಕು ವರ್ಷಕ್ಕೆ ಮಾತ್ರ, ಮತ್ತು ಗ್ರಾಜುಯೇಟ್ ವೀಸಾದ ಅವಧಿಯೂ ಅದರೊಳಗೇ ಸೇರುತ್ತದೆ. ಆಕೆ ಎರಡು ವರ್ಷ ಬಳಸಿಯಾಗಿದೆ, ಉಳಿದಿರುವುದು ಎರಡು. ಆಮೇಲಿನ ಅರ್ಜಿಗೆ ಪೂರ್ಣ ಮಿತಿಯ ಸಂಬಳ ಬೇಕು. ಅಷ್ಟು ಸಂಬಳ ಏರಿಸುವ ಇರಾದೆ ಸಂಸ್ಥೆಗೆ ಇದೆಯೇ ಎಂಬ ಮಾತನ್ನು ಈಗಲೇ ಎತ್ತಬೇಕು. ಎರಡು ವರ್ಷ ಕಳೆದ ಮೇಲೆ ಎತ್ತಿದರೆ ಮಗಳಿಗೆ ಬೇರೆ ಕಡೆ ನೋಡಿಕೊಳ್ಳಲು ವ್ಯವಧಾನ ಇರುವುದಿಲ್ಲ.

ಈಗ ನಾಲ್ಕು ತಿಂಗಳ ಲೆಕ್ಕ. ಪರವಾನಗಿಯ ಅರ್ಜಿಗಳು ಸಾಮಾನ್ಯವಾಗಿ ಎಂಟು ವಾರದೊಳಗೆ ಇತ್ಯರ್ಥವಾಗುತ್ತವೆ. ಸಂಸ್ಥೆಯವರು ಈ ತಿಂಗಳೇ ಅರ್ಜಿ ಹಾಕಿದರೆ ಸಮಯ ಸಾಕಾಗುತ್ತದೆ, ಮುಂದಿನ ತಿಂಗಳಿಗೆ ಹಾಕಿದರೆ ಕಷ್ಟಕ್ಕೆ ಬರುತ್ತದೆ. ಗ್ರಾಜುಯೇಟ್ ವೀಸಾದ ಕೊನೆಯ ದಿನದೊಳಗೆ ಮಗಳ ಅರ್ಜಿ ಸಲ್ಲಿಕೆಯಾದರೆ ಸಾಕು, ತೀರ್ಪು ಬರಬೇಕೆಂದಿಲ್ಲ. ಸಕಾಲದಲ್ಲಿ ಸಲ್ಲಿಸಿದವರಿಗೆ ತೀರ್ಪಿನವರೆಗೆ ಹಳೆಯ ವೀಸಾದ ಹಕ್ಕುಗಳೇ ಮುಂದುವರಿಯುತ್ತವೆ, ಈಗಿನ ಕೆಲಸವನ್ನೂ ಮುಂದುವರಿಸಬಹುದು. ಪರವಾನಗಿ ಆ ವೇಳೆಗೆ ಬಾರದೇ ಹೋದರೆ ಅವಧಿ ಮುಗಿಯುವ ಮೊದಲೇ ಆಕೆ ಊರಿಗೆ ಬಂದುಬಿಡಲಿ. ಇಲ್ಲಿಂದಲೂ ಅರ್ಜಿ ಹಾಕಬಹುದು. ಗ್ರಾಜುಯೇಟ್ ವೀಸಾ ಮುಗಿದು ಎರಡು ವರ್ಷ ಆಗುವವರೆಗೆ ಸಂಬಳದ ರಿಯಾಯಿತಿಯೂ ಸಿಗುತ್ತದೆ. ಅವಧಿ ಮೀರಿ ಅಲ್ಲಿ ಒಂದು ದಿನವೂ ಉಳಿಯಕೂಡದು.

ಬಳಗದ ಇನ್ನೊಬ್ಬ ಸದಸ್ಯರು: ನಿಯಮಗಳೆಲ್ಲ ಸರಿ, ಸಾರ್. ಆದರೆ ನಮಗೆ ಗೊತ್ತಿರುವ ಹುಡುಗರೆಲ್ಲ ದುಡ್ಡು ಕೊಟ್ಟೇ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದಾರೆ. ಕೊಡದಿದ್ದರೆ ಕೆಲಸ ಆಗುವುದಿಲ್ಲ.

ಉತ್ತರ: ಹಾಗೆ ಕೊಟ್ಟವರನ್ನು ನಾನೂ ಕಂಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮನೆಯ ಒಡವೆ, ಹೊಲ ಎಲ್ಲಿ ಹೋಯಿತೆಂದು ತಿಳಿದಾಗ ಸಂಕಟವಾಗುತ್ತದೆ. ದುಡ್ಡು ಕೊಟ್ಟು ಪಡೆದ ಸರ್ಟಿಫಿಕೇಟಿನ ಹಿಂದೆ ಎಷ್ಟೋ ಸಲ ನಿಜವಾದ ಹುದ್ದೆಯೇ ಇರುವುದಿಲ್ಲ. ಇಲಾಖೆ ತಪಾಸಣೆಗೆ ಬಂದಾಗ ಸಂಸ್ಥೆಯ ಪರವಾನಗಿ ರದ್ದಾಗುತ್ತದೆ, ಜೊತೆಗೇ ನೌಕರರ ವೀಸಾ ಮೊಟಕಾಗುತ್ತದೆ. ಅರ್ಜಿಯಲ್ಲಿ ವಂಚನೆ ನಡೆದಿದೆ ಎಂದು ತೀರ್ಮಾನವಾದರೆ ಮುಂದಿನ ಅರ್ಜಿಗಳಿಗೆ 10 ವರ್ಷದ ನಿಷೇಧವೂ ಬೀಳಬಹುದು. ಕೈಯಲ್ಲಿ ರಸೀದಿ ಇಲ್ಲದ್ದರಿಂದ ಹಣ ಹಿಂದಕ್ಕೆ ಬರುವುದಿಲ್ಲ. ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟಿಷ್ ಸರ್ಕಾರ ತನ್ನ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಬ್ರಿಟನ್ನಿನಲ್ಲಿ ವಲಸೆ ಸಲಹೆ ಕೊಡುವವರು ಸಾಲಿಸಿಟರ್ ಅಥವಾ ಬ್ಯಾರಿಸ್ಟರ್ ಆಗಿರಬೇಕು, ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಣಿ ಆಗಿರಬೇಕು. ಹಣದ ಮಾತು ಬರುವ ಮೊದಲು ಈ ಎರಡನ್ನೂ ನೋಡಿ.

ಪ್ರಶ್ನೆ (ಕುವೆಂಪುನಗರದ ತಾಯಿಯೊಬ್ಬರಿಂದ): ನನ್ನ ಮಗ ಹೋದ ವಾರ ಮ್ಯಾಂಚೆಸ್ಟರ್‌ನಿಂದಲೇ ಇದೇ ವೀಸಾಕ್ಕೆ ಅರ್ಜಿ ಸಲ್ಲಿಸಿದ್ದಾನೆ. ಬರುವ ತಿಂಗಳು ಅವನ ಅಕ್ಕನ ಮದುವೆ ಮೈಸೂರಿನಲ್ಲಿದೆ. ಹಳೆಯ ವೀಸಾದ ಅವಧಿ ಇನ್ನೂ ಇರುವುದರಿಂದ ಬಂದು ಹೋಗಬಹುದೇ?

ಉತ್ತರ: ತೀರ್ಪು ಬರುವ ಮೊದಲು ಬರುವಂತಿಲ್ಲ, ತಾಯಿ. ಅರ್ಜಿ ಬಾಕಿ ಇರುವಾಗ ಅರ್ಜಿದಾರರು ಬ್ರಿಟನ್, ಐರ್ಲೆಂಡ್, ಚಾನೆಲ್ ದ್ವೀಪಗಳು ಮತ್ತು ಐಲ್ ಆಫ್ ಮ್ಯಾನ್ ಸೇರಿದ ವಲಯದಿಂದ ಹೊರಗೆ ಪ್ರಯಾಣ ಮಾಡಿದರೆ ಅರ್ಜಿಯನ್ನು ಅವರೇ ಹಿಂತೆಗೆದುಕೊಂಡಂತೆ ಎಂದು ಪರಿಗಣಿಸುತ್ತಾರೆ. ಹಳೆಯ ವೀಸಾದಲ್ಲಿ ದಿನಗಳು ಉಳಿದಿದ್ದರೂ ಈ ನಿಯಮ ಬದಲಾಗುವುದಿಲ್ಲ. ಸಾಮಾನ್ಯ ತೀರ್ಪಿಗೆ ಎಂಟು ವಾರದವರೆಗೆ ಹಿಡಿಯುತ್ತದೆ. 500 ಪೌಂಡ್ ಹೆಚ್ಚಿಗೆ ಕೊಟ್ಟು ಐದು ಕೆಲಸದ ದಿನಗಳಲ್ಲಿ ತೀರ್ಪು ಪಡೆಯುವ ಸೌಲಭ್ಯವನ್ನು ಅರ್ಜಿಯ ಹೊತ್ತಿನಲ್ಲಿ ಅವನು ಆರಿಸಿಕೊಂಡಿದ್ದನೇ ಎಂದು ಕೇಳಿ. ತೀರ್ಪು ಕೈಗೆ ಬಂದ ಮೇಲೆ ಟಿಕೆಟ್ ಮಾಡಿಸಲಿ, ಅದಕ್ಕೂ ಮೊದಲು ಬೇಡ.

ಪ್ರಶ್ನೆ (ನಾಗಮಂಗಲದಿಂದ): ನನ್ನ ತಮ್ಮ ಈಗಾಗಲೇ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದಾನೆ. ಅವನ ಸಂಸ್ಥೆ ಮುಚ್ಚುವ ಸ್ಥಿತಿಯಲ್ಲಿದೆ. ಬೇರೆ ಕೆಲಸಕ್ಕೆ ತಕ್ಷಣ ಸೇರಬಹುದೇ?

ಉತ್ತರ: ಈ ವೀಸಾ ಆ ಉದ್ಯೋಗದಾತರಿಗೆ ಮತ್ತು ಆ ಹುದ್ದೆಗೆ ಕಟ್ಟಿಕೊಂಡಿರುತ್ತದೆ. ಹೊಸ ಸಂಸ್ಥೆ ಹೊಸ ಸರ್ಟಿಫಿಕೇಟ್ ಕೊಡಬೇಕು, ನಿಮ್ಮ ತಮ್ಮನು ಹೊಸ ಅರ್ಜಿ ಹಾಕಬೇಕು, ತೀರ್ಪು ಬಂದ ಮೇಲೆಯೇ ಅಲ್ಲಿ ಕೆಲಸ ಶುರು ಮಾಡಬೇಕು. ಕೆಲಸ ನಿಂತ ಸಂಗತಿಯನ್ನು ಹಳೆಯ ಸಂಸ್ಥೆ 10 ಕೆಲಸದ ದಿನಗಳೊಳಗೆ ಇಲಾಖೆಗೆ ತಿಳಿಸುತ್ತದೆ. ಆನಂತರ ಇಲಾಖೆ ವೀಸಾ ಮೊಟಕುಗೊಳಿಸಿ ಪತ್ರ ಕಳಿಸುತ್ತದೆ, ಸಾಮಾನ್ಯವಾಗಿ 60 ದಿನ ಕಾಲಾವಕಾಶ ಕೊಡುತ್ತದೆ. ಆ ಪತ್ರಕ್ಕೆ ಕಾಯದೆ, ಸಂಬಳ ಬರುತ್ತಿರುವಾಗಲೇ ಕೆಲಸ ಹುಡುಕಲು ಹೇಳಿ.

ಪಾಂಡವಪುರದ ತಂದೆ ಮತ್ತೆ: ತುಂಬಾ ಉಪಕಾರವಾಯಿತು. ಸಂಸ್ಥೆಯವರು ಪರವಾನಗಿಗೆ ಅರ್ಜಿ ಹಾಕಿದರಂತೆ. ಇನ್ನೊಂದು ಆತಂಕ: ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಮಾತ್ರ ಇವೆ, ಪಾಸ್‌ಪೋರ್ಟಿನಲ್ಲಿ ಊರು ಮತ್ತು ನನ್ನ ಹೆಸರು ಪೂರ್ತಿ ಬಿಡಿಸಿ ಬರೆದಿದೆ. ತೊಂದರೆ ಆಗುವುದೇ?

ಉತ್ತರ: ನಮ್ಮ ಕಡೆಯ ಬಹುತೇಕ ಮಕ್ಕಳ ಕಾಗದಪತ್ರ ಹೀಗೆಯೇ ಇರುತ್ತದೆ. ಈ ಅರ್ಜಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬೇಕಾಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಸರ್ಟಿಫಿಕೇಟಿನಲ್ಲೂ ಅರ್ಜಿಯಲ್ಲೂ ಹೆಸರು ಬರಬೇಕು. ಸಂಸ್ಥೆಯ ಸಿಬ್ಬಂದಿ ಆಕೆಯನ್ನು ಕಚೇರಿಯಲ್ಲಿ ಕರೆಯುವ ಚಿಕ್ಕ ಹೆಸರನ್ನು ತುಂಬಿಬಿಡುವುದುಂಟು. ದಾಖಲೆಯನ್ನು ಅಂತಿಮಗೊಳಿಸುವ ಮೊದಲು ಅದರ ಪ್ರತಿಯನ್ನು ತನಗೆ ತೋರಿಸುವಂತೆ ಆಕೆ ಕೇಳಲಿ. ಹೆಸರಿನ ಜೊತೆಗೆ ಪಾಸ್‌ಪೋರ್ಟ್ ಸಂಖ್ಯೆ, ಹುದ್ದೆಯ ಸಂಕೇತಸಂಖ್ಯೆ, ವಾರದ ಗಂಟೆಗಳು, ಸಂಬಳ, ಆರಂಭದ ದಿನಾಂಕ, ಇಷ್ಟನ್ನೂ ನೇಮಕಾತಿ ಪತ್ರದ ಪಕ್ಕದಲ್ಲಿ ಇಟ್ಟು ಸಾಲು ಸಾಲಾಗಿ ಹೋಲಿಸಲಿ. ಸರ್ಟಿಫಿಕೇಟ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಅದನ್ನು ಅರ್ಜಿಯಲ್ಲಿ ಬಳಸಬೇಕು, ಆದರೆ ನಿಮ್ಮ ಮಗಳ ಮಟ್ಟಿಗೆ ಗ್ರಾಜುಯೇಟ್ ವೀಸಾದ ಕೊನೆಯ ದಿನವೇ ಗಡುವು.