ಏಳು ತಿಂಗಳ ಮಗು ಜೊತೆ ಟೆಂಟಲ್ಲಿ ಎರಡು ರಾತ್ರಿ, ಮಾಡಿದೋರು ಯಾರಾದ್ರೂ ಇದೀರಾ?

ನೀಲಿಹಕ್ಕಿ:
ಎಲ್ಲರಿಗೂ ನಮಸ್ಕಾರ. ನಾನು ನನ್ನ ಗಂಡ ಇಬ್ರೂ ಮೊದ್ಲಿಂದಾನೂ ಬೆಟ್ಟ ಹತ್ತೋರು, ವರ್ಷಕ್ಕೆ ಮೂರ್ನಾಲ್ಕು ಸಲ ಆದ್ರೂ ಬ್ಯಾಗ್ ಹೆಗಲಿಗೇರಿಸ್ತಿದ್ವಿ, ಮಗಳು ಹುಟ್ಟಿದ್ಮೇಲೆ ಎಲ್ಲಾ ನಿಂತೋಗಿದೆ. ಈಗ ಅವಳಿಗೆ ಏಳು ತಿಂಗಳು ತುಂಬ್ತು, ಕತ್ತು ಗಟ್ಟಿಯಾಗಿದೆ, ಕೂರಿಸಿದ್ರೆ ಆಸರೆ ಇಲ್ದೆ ಕೂತ್ಕೋತಾಳೆ. ಮುಂದಿನ ತಿಂಗಳು ಎರಡು ರಾತ್ರಿ ಟೆಂಟ್ ಹಾಕ್ಕೊಂಡು ಇದ್ದು ಬರೋಣ ಅಂತ ಪ್ಲಾನ್. ದಿನಕ್ಕೆ 9 ಕಿಲೋಮೀಟರ್ ನಡಿಗೆ, ಕ್ಯಾಂಪ್ ಜಾಗ ಸುಮಾರು 2800 ಮೀಟರ್ ಎತ್ತರ, ನಾವಿಬ್ರೇ ಇದ್ದಾಗ ಆರಾಮಾಗಿ ಹೋಗಿ ಬಂದಿದ್ದ ದಾರಿ. ಎದೆಹಾಲು ಕುಡೀತಾಳೆ, ರಾತ್ರಿ ಒಂದು ಬಾಟಲ್ ಪುಡಿಹಾಲು, ಈಗೀಗ ಮೆತ್ತಗಿನ ಊಟ ಶುರು ಮಾಡಿದೀವಿ. ನನಗೆ ಭಯ ಇರೋದು ರಾತ್ರಿದು, ಎಲ್ಲಿ ಮಲಗಿಸೋದು, ಎಷ್ಟು ಬಟ್ಟೆ ಹಾಕೋದು, ನಡುರಾತ್ರಿ ಏನಾದ್ರೂ ಆದ್ರೆ ಏನ್ ಮಾಡೋದು. ಡೈಪರ್ ಲೆಕ್ಕಾನೂ ಗೊತ್ತಾಗ್ತಿಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಹಸಿರುದಾರಿ:
ಹೋಗಿ ಖಂಡಿತ, ಆದ್ರೆ ಆ ಜಾಗ ಬೇಡ. 2500 ಮೀಟರ್ ದಾಟಿದ್ಮೇಲೆ ಎತ್ತರದ ತೊಂದರೆ ಯಾರಿಗ್ ಬೇಕಾದ್ರೂ ಬರಬಹುದು, ದೊಡ್ಡೋರಾದ್ರೆ ತಲೆನೋವು ವಾಕರಿಕೆ ಅಂತ ಬಾಯಿಬಿಟ್ಟು ಹೇಳ್ತೀವಿ, ಮಗು ಏನ್ ಹೇಳತ್ತೆ? ಕಿರಿಕಿರಿ ಮಾಡತ್ತೆ, ಹಾಲು ಬೇಡ ಅನ್ನತ್ತೆ, ನಿದ್ದೆ ಮಾಡಲ್ಲ, ಕಕ್ಕತ್ತೆ. ಇವೆಲ್ಲಾ ಮನೇಲೂ ದಿನಾ ನೋಡೋದೇ ಅಲ್ವಾ, ಹಲ್ಲು ಬರ್ತಿದೆಯೋ ಎತ್ತರದಿಂದಾನೋ ಅಂತ ಆ ಕತ್ತಲಲ್ಲಿ ಕೂತು ಹೇಳಕ್ಕೆ ಆಗಲ್ಲ. ಅದಕ್ಕೇ ಮೊದಲ ಸಲ ತಗ್ಗಿನ ಜಾಗ ನೋಡ್ಕೊಳಿ, ಗಾಡಿ ನಿಲ್ಸಿರೋ ಕಡೆಯಿಂದ ಒಂದೆರಡು ಗಂಟೆ ನಡಿಗೆ ಒಳಗೆ ಇರ್ಲಿ, ನಡುರಾತ್ರಿ ಎದ್ದು ಟಾರ್ಚ್ ಹಿಡ್ಕೊಂಡು ವಾಪಸ್ ಇಳೀಬಹುದಾದಂತ ದಾರಿ ಆಗಿರ್ಲಿ.

ರಾತ್ರಿ ವಿಷ್ಯ. ನಮ್ಮ ಮಗನಿಗೆ ಎಂಟು ತಿಂಗಳಿದ್ದಾಗ ಮೊದಲ ಸಲ ಹೋಗಿದ್ವಿ, ಚಳಿ ಅಂತ ಹೆದರ್ಕೊಂಡು ಅವನಿಗೆ ಒಂದರ ಮೇಲೊಂದು ನಾಲ್ಕು ಬಟ್ಟೆ, ಮೇಲೆ ಉಣ್ಣೆ ಟೋಪಿ ಹಾಕಿ ಮಲಗಿಸ್ಬಿಟ್ಟೆ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ಕೈ ಮುಟ್ಟಿದ್ರೆ ಕೈ ತಣ್ಣಗಿದೆ, ಇನ್ನೊಂದು ಸ್ವೆಟರ್ ಹಾಕೋಣ ಅಂತ ಎತ್ಕೊಂಡೆ, ಬೆನ್ನ ಹಿಂದೆ ಕತ್ತಿನ ಕೆಳಗೆ ಕೈ ಹೋಯ್ತು, ಒದ್ದೆ ಒದ್ದೆ, ಬಟ್ಟೆ ಎಲ್ಲಾ ಬೆವರಲ್ಲಿ ಅಂಟ್ಕೊಂಡಿತ್ತು. ಮಕ್ಕಳ ಕೈಕಾಲು ಹೇಗಿದ್ರೂ ತಣ್ಣಗೇ ಇರತ್ತೆ, ಅದನ್ನ ನೋಡಿ ಬಟ್ಟೆ ಹಾಕ್ಬೇಡಿ, ಕತ್ತಿನ ಹಿಂದೆ ಇಲ್ಲಾ ಎದೆ ಮೇಲೆ ಮುಟ್ಟಿ ನೋಡಿ. ಮೈ ಬಿಸಿ ಜಾಸ್ತಿ ಆಗೋದು ಮಲಗಿರೋ ಮಗುಗೆ ಚಳಿಯಷ್ಟೇ ಅಪಾಯ. ಟೋಪಿ ಮಲಗೋವಾಗ ತೆಗೀರಿ, ಜಾರಿ ಮುಖದ ಮೇಲೆ ಬರತ್ತೆ. ಹೊದಿಕೆ ಬದಲು ತೋಳಿಗೆ ಹಾಕ್ಕೊಳೋ ಥರದ ಮಕ್ಕಳ ಸ್ಲೀಪ್ ಸ್ಯಾಕ್ ತಗೊಳಿ. ನಿಮ್ಮ ಸ್ಲೀಪಿಂಗ್ ಬ್ಯಾಗ್ ಒಳಗೆ ಮಾತ್ರ ಅವಳನ್ನ ಹಾಕ್ಕೋಬೇಡಿ, ಎಷ್ಟೇ ಮುದ್ದು ಬಂದ್ರೂ. ಗಾಳಿ ತುಂಬೋ ಮ್ಯಾಟ್ರೆಸ್ಸೂ ಬೇಡ, ಮೆತ್ತಗೆ ಒಳಗೆ ಹೋಗತ್ತೆ, ಮುಖ ಅದರಲ್ಲಿ ಹೂತ್ಕೊಂಡ್ರೆ ಉಸಿರು ಕಷ್ಟ. ಸುರುಳಿ ಸುತ್ತೋ ಗಟ್ಟಿ ಫೋಮ್ ಮ್ಯಾಟ್ ಬರತ್ತಲ್ಲ ಅದರ ಮೇಲೆ ಅಂಗಾತ, ಅವಳಿಗೇ ಅಂತ ಬೇರೆ ಜಾಗ, ಸುತ್ತ ದಿಂಬು ಬಟ್ಟೆ ಏನೂ ಇರ್ಬಾರ್ದು. ಇನ್ನೊಂದು, ಚಳಿಗೆ ಅಂತ ಸ್ಟವ್ ಟೆಂಟ್ ಒಳಗೆ ಯಾವ ಕಾರಣಕ್ಕೂ ಹಚ್ಚಬೇಡಿ, ಟೆಂಟ್ ಬಾಗಿಲ ನೆರಳಲ್ಲೂ ಬೇಡ, ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇಲ್ಲ ಬಣ್ಣ ಇಲ್ಲ, ಗೊತ್ತೇ ಆಗಲ್ಲ.

ಎರಡುಮಕ್ಕಳಪ್ಪ:
ರಾತ್ರಿ ಬಗ್ಗೆ ಅಕ್ಕ ಹೇಳಿದ್ದು ಪೂರ್ತಿ ಸರಿ. ನಾನು ಹೊರೋದರ ಬಗ್ಗೆ ಹೇಳ್ತೀನಿ, ಇಬ್ಬರು ಮಕ್ಕಳನ್ನೂ ಬೆನ್ನ ಮೇಲೆ ಹೊತ್ತಿರೋದು ನಾನೇ. ಮಗು 8 ಕೆಜಿ, ಫ್ರೇಮ್ ಇರೋ ಕ್ಯಾರಿಯರ್ 3 ಕೆಜಿ, ಅಲ್ಲಿಗೇ 11 ಆಯ್ತು, ಅಂದ್ರೆ ಮಗು ಹೊರೋರು ಬೇರೆ ಹೆಚ್ಚೇನೂ ಹೊರಕ್ಕಾಗಲ್ಲ, ಟೆಂಟು ಸ್ಟವ್ವು ಊಟ ಬಟ್ಟೆ ಎಲ್ಲಾ ಇನ್ನೊಬ್ಬರ ಬೆನ್ನಿಗೆ. ಮೊದ್ಲು ಮನೇಲಿ ಎಲ್ಲಾ ತುಂಬಿ ತೂಕ ನೋಡಿ, ಆಮೇಲೆ ಎಷ್ಟು ದಿನ ಅಂತ ತೀರ್ಮಾನ ಮಾಡಿ. ಡೈಪರ್ ದಿನಕ್ಕೆ ಆರೇಳು ಅಂದ್ರೂ ಮೂರು ದಿನಕ್ಕೆ 20, ಒದ್ದೆ ಆಗಿರೋದು ಒಂದೊಂದು 150 ಗ್ರಾಂ ಹಿಡಿದ್ರೆ ವಾಪಸ್ ಬರ್ತಾ 3 ಕೆಜಿ. ಊಟದ ತೂಕ ಇಳೀತಾ ಹೋದ್ರೆ ಇದು ಏರ್ತಾ ಹೋಗತ್ತೆ. ಹೂಳಬೇಡಿ, ಸುಡಬೇಡಿ, ಪ್ಲಾಸ್ಟಿಕ್ ಅದು. ಗಟ್ಟಿ ಬಾಯಿಕಟ್ಟೋ ಡ್ರೈ ಬ್ಯಾಗ್ ಒಂದು ಬರೀ ಇದಕ್ಕೇ ಇಟ್ಟು ಬ್ಯಾಗ್ ಹೊರಗೆ ಕಟ್ಕೊಳಿ. ಕಕ್ಕ ಮಾತ್ರ ನೀರಿಂದ 60 ಮೀಟರ್ ದೂರ 15-20 ಸೆಂಟಿಮೀಟರ್ ಗುಂಡಿ ತೋಡಿ ಹಾಕಬಹುದು.

ನಡೀವಾಗ ನಮಗೆ ಬೆವರು ಸುರೀತಿರತ್ತೆ, ಮಗು ಸುಮ್ನೆ ಕೂತಿರತ್ತೆ, ನಮ್ಮ ಮೈ ನೋಡಿ ಅದರ ಚಳಿ ಗೊತ್ತಾಗಲ್ಲ. ದೊಡ್ಡವಳ ಕಾಲು ಒಂದ್ಸಲ ಮಂಜುಗಡ್ಡೆ ಥರ ಆಗಿತ್ತು, ಕಾಲುಚೀಲ ಒಂದು ದಾರೀಲಿ ಎಲ್ಲೋ ಬಿದ್ದೋಗಿದ್ದು ನಾನು ನೋಡೇ ಇಲ್ಲ, ಅಷ್ಟು ಹೊತ್ತು ಪಾಪ ಹಾಗೇ ಕೂತಿದ್ಲು. ಆಮೇಲಿಂದ ಗಂಟೆಗೊಂದ್ಸಲ ನಿಂತು ಮಗುನ ಪೂರ್ತಿ ಹೊರಗೆ ತೆಗೆದು ಕಾಲಾಡಿಸೋದು ಅಂತ ನಿಯಮ ಮಾಡ್ಕೊಂಡ್ವಿ, 9 ಕಿಲೋಮೀಟರ್ ಹಾಗೆ ಮಾಡಿದ್ರೆ ಇಡೀ ದಿನ ಬೇಕು. ನಿದ್ದೆ ಬಂದಾಗ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ಒತ್ಕೋಬಾರ್ದು, ಹಿಂದೆ ನಡೆಯೋರ ಕೆಲಸಾನೇ ಅದನ್ನ ನೋಡ್ತಿರೋದು. ಕ್ಯಾರಿಯರ್‌ನ ಬಂಡೆ ಮೇಲೆ ನಿಲ್ಸಿ ಕೈ ಬಿಡಬೇಡಿ.

ತಂಗಾಳಿ:
ಕ್ಷಮಿಸಿ, ನನಗಂತೂ ಒಂದು ವರ್ಷ ಆಗೋತನಕ ಕಾಯೋದೇ ಒಳ್ಳೇದು ಅನ್ಸತ್ತೆ. ಅಷ್ಟು ದೂರ ಡಾಕ್ಟರ್ ಇಲ್ಲದ ಕಡೆ ಯಾಕೆ?

ಹಸಿರುದಾರಿ:
ತಂಗಾಳಿಯವರೇ ನಿಮ್ಮ ಕಾಳಜಿ ಅರ್ಥ ಆಗತ್ತೆ, ಅದಕ್ಕೇ ಹತ್ತಿರದ ಜಾಗ ಅಂದಿದ್ದು. ಆದ್ರೆ ನಡೆಯಕ್ಕೆ ಕಲಿತ ಮಗುನ ಟೆಂಟ್ ಹತ್ರ ಸ್ಟವ್ ಹತ್ರ ನೀರಿನ ಹತ್ರ ಕಾಯೋದು ಇನ್ನೂ ಕಷ್ಟ, ಇಟ್ಟಲ್ಲಿ ಇರೋ ವಯಸ್ಸು ಇದೇ.

ಬೆಳ್ಳಿಮೋಡ:
ನಾನು ಮಕ್ಕಳ ವಾರ್ಡಲ್ಲಿ ನರ್ಸ್, ಕೆಲವು ಮಾತು ಸೇರಿಸ್ತೀನಿ. ಪುಡಿಹಾಲಿಗೆ ನೀರು ಚೆನ್ನಾಗಿ ಕುದಿಸಿ, 2000 ಮೀಟರ್ ಮೇಲೆ ಆದ್ರೆ ಮೂರು ನಿಮಿಷ ಕುದೀಲಿ, ಕೆಳಗೆ ಒಂದು ನಿಮಿಷ ಸಾಕು. ಪುಡಿ ಬೆರೆಸೋವಾಗ ನೀರು 70 ಡಿಗ್ರಿಗಿಂತ ಆರಿರಬಾರ್ದು, ಪುಡೀಲೇ ಇರೋ ಕ್ರಿಮಿ ಸಾಯೋದು ಆ ಬಿಸಿಗೆ, ಆಮೇಲೆ ಆರಿಸಿ ಕೊಡಿ, ಎರಡು ಗಂಟೆ ಒಳಗೆ ಕುಡಿಸಿ ಉಳಿದಿದ್ದು ಚೆಲ್ಲಿ. ಒಂದೇ ಬಾಟಲ್ ಅಂತೀರಲ್ಲ, ಆ ಎರಡು ರಾತ್ರಿ ಎದೆಹಾಲಲ್ಲೇ ಆಗತ್ತಾ ನೋಡಿ, ಅರ್ಧ ಸಾಮಾನು ಕಮ್ಮಿ ಆಗತ್ತೆ. ಸೊಳ್ಳೆಗೆ ಕ್ಯಾರಿಯರ್ ಮೇಲೆ ಪರದೆ ಹಾಕಿ, ನಿಂಬೆ ನೀಲಗಿರಿ ಎಣ್ಣೆ ಇರೋ ಲೋಷನ್ ಮೂರು ವರ್ಷದ ಒಳಗಿನ ಮಕ್ಕಳಿಗೆ ಬೇಡ. ಬಿಸಿಲಿಗೆ ಅಂತ ದಪ್ಪ ಬಟ್ಟೆ ಮುಚ್ಚಬೇಡಿ, ಒಳಗೆ ಕಾವು ನಿಂತ್ಕೊಳತ್ತೆ. ಜ್ವರ ಬಂದ್ರೆ, ಹಾಲು ಬಿಟ್ರೆ, ಒದ್ದೆ ಡೈಪರ್ ಕಮ್ಮಿ ಆದ್ರೆ, ಎಬ್ಬಿಸಿದ್ರೂ ಮಂಕಾಗಿದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ. ಈ ಪಟ್ಟೀನ ಗಂಡ ಹೆಂಡತಿ ಇಬ್ರೂ ಮನೇಲೇ ಕೂತು ಒಪ್ಕೊಂಡು ಹೊರಡಿ, ಅಲ್ಲಿ ಹೋಗಿ ಚರ್ಚೆ ಮಾಡೋ ಹಾಗಾಗಬಾರ್ದು.

ನೀಲಿಹಕ್ಕಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ರಾತ್ರಿ ಇಬ್ರೂ ಕೂತು ಓದಿದ್ವಿ. ಎತ್ತರದ ಜಾಗ ಬಿಟ್ವಿ, ಕೆಳಗಡೆ 3 ಕಿಲೋಮೀಟರ್ ನಡೆದ್ರೆ ಸಿಗೋ ಕ್ಯಾಂಪು, ಒಂದೇ ರಾತ್ರಿ. ನಿನ್ನೆ ಮನೆ ಒಳಗೇ ಟೆಂಟ್ ಹಾಕಿ ಮಲಗಿ ನೋಡಿದ್ವಿ, ನಿದ್ದೆ ಮಾಡಿದ್ಲು, ಆದ್ರೆ ನಾನು ಹೊರಗೆ ಹೋಗಕ್ಕೆ ಜಿಪ್ ಎಳೆದ ಸದ್ದಿಗೆ ಕಣ್ಬಿಟ್ಟು ಒಂದು ಗಂಟೆ ಆಟ ಆಡಿದ್ಲು. ಇದಕ್ಕೇನಾದ್ರೂ ಉಪಾಯ ಇದೆಯಾ?

ಎರಡುಮಕ್ಕಳಪ್ಪ:
ಜಿಪ್ಪಿಗೆ ಮೇಣದಬತ್ತಿ ತಿಕ್ಕಿ ನೋಡಿ, ಸದ್ದು ಕಮ್ಮಿ ಆಗತ್ತೆ. ಮತ್ತೆ ಹೆಡ್‌ಲ್ಯಾಂಪಲ್ಲಿ ಕೆಂಪು ಬೆಳಕು ಇದ್ರೆ ಅದನ್ನೇ ಹಾಕ್ಕೊಳಿ, ಬಿಳಿ ಬೆಳಕು ಮುಖಕ್ಕೆ ಬಿದ್ರೆ ಮತ್ತೆ ಮಲಗಲ್ಲ.